ಕಳ್ಳನ ಕಣ್ಣಿಗೆ ಕಾಣುವ ಮನೆ

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುವ ಮನೆಗಳ್ಳತನದ ಸುದ್ದಿಗೆ ಒಂದು ಸಿದ್ಧ ಅಚ್ಚು ಇದೆ. ಮನೆಯವರು ಸಂಬಂಧಿಕರ ಮದುವೆಗೆಂದು ಪರವೂರಿಗೆ ಹೋಗಿದ್ದರು. ಮುಂಬಾಗಿಲ ಬೀಗ ಮುರಿದು ಒಳನುಗ್ಗಿದ ಕಳ್ಳರು ಬೀರುವಿನಲ್ಲಿದ್ದ ಚಿನ್ನಾಭರಣ, ನಗದು ದೋಚಿ ಪರಾರಿಯಾದರು. ಬೆಳಿಗ್ಗೆ ಬಾಗಿಲು ತೆರೆದಿರುವುದನ್ನು ಕಂಡ ಪಕ್ಕದ ಮನೆಯವರು ಫೋನ್ ಮಾಡಿದಾಗಲೇ ವಿಷಯ ಗೊತ್ತಾಯಿತು. ಊರಿನ ಹೆಸರು, ಗ್ರಾಂಗಳ ಲೆಕ್ಕ ಬದಲಾಗುತ್ತದೆ, ಅಷ್ಟೆ. ಮನೆ ಕಾಯುವ ವಿದ್ಯೆಯ ಮುಕ್ಕಾಲು ಪಾಠ ಈ ಸವಕಲು ಸುದ್ದಿಯೊಳಗೇ ಇದೆ. ಮನೆ ಖಾಲಿಯಿದೆ ಎಂಬುದು ಹೊರಗಿನವರಿಗೆ ತಿಳಿದಿತ್ತು. ಬಾಗಿಲು ಹೆಚ್ಚು ಹೊತ್ತು ತಡೆಯಲಿಲ್ಲ. ಸದ್ದು ಕೇಳಿದವರಿದ್ದರೂ ಎದ್ದು ಬರಲಿಲ್ಲ. ಒಡವೆ ಎಲ್ಲಿದೆಯೆಂದು ಬಂದವರು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಮನೆಗೆ ನುಗ್ಗುವವರಲ್ಲಿ ಹೆಚ್ಚಿನವರಿಗೆ ಮನೆಯವರ ಮುಖ ನೋಡುವ ಇಚ್ಛೆ ಇರುವುದಿಲ್ಲ. ರಿಚರ್ಡ್ ರೈಟ್ ಮತ್ತು ಸ್ಕಾಟ್ ಡೆಕರ್ ಎಂಬ ಇಬ್ಬರು ಅಪರಾಧಶಾಸ್ತ್ರಜ್ಞರು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 105 ಮನೆಗಳ್ಳರನ್ನು ಮಾತನಾಡಿಸಿ 1994ರಲ್ಲಿ ಪುಸ್ತಕ ತಂದರು. ಜೈಲಿನಲ್ಲಿ ಕೂತು ಹಳೆಯದನ್ನು ಮೆಲುಕು ಹಾಕುವವರನ್ನು ಬಿಟ್ಟು, ಆಗಲೂ ಕಸುಬು ನಡೆಸುತ್ತಿದ್ದವರನ್ನೇ ಹುಡುಕಿ ಮಾತನಾಡಿಸಿದ್ದು ಆ ಅಧ್ಯಯನದ ಹೆಚ್ಚುಗಾರಿಕೆ. ಜನರಿರುವ ಮನೆಯ ಗೊಡವೆಗೆ ಬಹುತೇಕರು ಹೋಗುತ್ತಿರಲಿಲ್ಲ. ಒಳಗೆ ಕಾಲಿಟ್ಟವರು ಮೊದಲು ಹೋಗುತ್ತಿದ್ದುದು ಯಜಮಾನರ ಮಲಗುವ ಕೋಣೆಗೆ. ಬೆಂಗಳೂರಿನ ಬೀರುವಿಗೂ ಸೇಂಟ್ ಲೂಯಿಸಿನ ಡ್ರಾಯರಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಇದಕ್ಕೂ ಮೊದಲು, 1979ರಲ್ಲಿ, ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಒಂದು ಸರಳ ಸೂತ್ರ ಮುಂದಿಟ್ಟಿದ್ದರು: ಕದಿಯುವ ಮನಸ್ಸಿರುವವನು, ಕದಿಯಲು ತಕ್ಕ ವಸ್ತು, ಕಾಯುವವರ ಗೈರುಹಾಜರಿ, ಈ ಮೂರೂ ಒಂದೇ ಕಡೆ ಒಂದೇ ಹೊತ್ತಿಗೆ ಕೂಡಿಬಂದರೆ ಮಾತ್ರ ಕಳವು ನಡೆಯುತ್ತದೆ. ಕಳ್ಳನ ಮನಸ್ಸು ಮನೆಯವರ ಕೈಯಲ್ಲಿಲ್ಲ. ಉಳಿದೆರಡು ಇವೆ.

ಕಳ್ಳತನ ಎಂದರೆ ನಡುರಾತ್ರಿ ಎಂಬ ಕಲ್ಪನೆ ಅರ್ಧ ಮಾತ್ರ ಸರಿ. ಪೊಲೀಸ್ ದಾಖಲೆಗಳಲ್ಲಿ ಹಗಲು ಕನ್ನಕಳವು, ರಾತ್ರಿ ಕನ್ನಕಳವು ಎಂದು ಬೇರೆ ಬೇರೆ ಲೆಕ್ಕವೇ ಇದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಮಕ್ಕಳು ಶಾಲೆಯಲ್ಲಿರುವ ಬಡಾವಣೆಗಳಲ್ಲಿ ಬೆಳಗಿನ ಹತ್ತರಿಂದ ಸಂಜೆ ನಾಲ್ಕರ ತನಕ ಬೀದಿಗೆ ಬೀದಿಯೇ ಖಾಲಿ. ಕಾನೂನು ಮಾತ್ರ ಕತ್ತಲೆಯನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 331ನೇ ಕಲಂ ಪ್ರಕಾರ ಕದಿಯಲೆಂದು ಹಗಲು ಮನೆ ಮುರಿದರೆ ಹತ್ತು ವರ್ಷದವರೆಗೆ, ಸೂರ್ಯಾಸ್ತ ಕಳೆದು ಸೂರ್ಯೋದಯಕ್ಕೆ ಮುನ್ನ ಮುರಿದರೆ ಹದಿನಾಲ್ಕು ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಮನೆ ಖಾಲಿ ಎಂಬುದನ್ನು ಸಾರಿ ಹೇಳುವುದು ಮನೆಯೇ. ಗೇಟಿಗೋ ಗ್ರಿಲ್‌ಗೋ ಹೊರಗಿನಿಂದ ತೂಗುವ ಬೀಗ ಎಲ್ಲಕ್ಕಿಂತ ದೊಡ್ಡ ಫಲಕ. ಗೇಟಿನ ಸಂದಿಯಲ್ಲಿ ಸಿಕ್ಕಿಸಿದ ಮೂರು ದಿನದ ಪೇಪರು, ಚೀಲದಲ್ಲೇ ಉಳಿದ ಹಾಲಿನ ಪ್ಯಾಕೆಟ್ಟು, ಬಾಗಿಲ ಕೆಳಗೆ ಅರ್ಧ ತೂರಿದ ಕೊರಿಯರ್ ಚೀಟಿ ಅದನ್ನೇ ಮತ್ತೆ ಮತ್ತೆ ಹೇಳುತ್ತವೆ. ಕರ್ನಾಟಕದ ಬೀದಿಗಳಲ್ಲಿ ಇನ್ನೊಂದು ಗುರುತೂ ಇದೆ: ಸಾಲು ಮನೆಗಳ ಮುಂದೆ ಬೆಳಿಗ್ಗೆ ನೀರು ಹಾಕಿ ಎಳೆದ ರಂಗೋಲಿ ಇದ್ದು, ನಡುವೆ ಒಂದೇ ಒಂದು ಹೊಸ್ತಿಲು ಬೋಳಾಗಿದ್ದರೆ ಅಲ್ಲಿ ಯಾರೂ ಇಲ್ಲವೆಂದು ತಿಳಿಯಲು ಕಳ್ಳನಿಗೆ ಬೈಕ್ ನಿಲ್ಲಿಸುವ ಅಗತ್ಯವೂ ಬೀಳುವುದಿಲ್ಲ. ಹಗಲೂ ರಾತ್ರಿಯೂ ಉರಿಯುವ ಪೋರ್ಟಿಕೊ ದೀಪದ ಕಥೆಯೂ ಇಷ್ಟೆ. ಕಾವಲಿಗೆಂದು ಬಿಟ್ಟುಹೋದ ಆ ದೀಪ ಮಧ್ಯಾಹ್ನ ಹನ್ನೆರಡಕ್ಕೂ ಉರಿಯುತ್ತಿದ್ದರೆ ಅದನ್ನು ಆರಿಸುವವರು ಊರಲ್ಲಿಲ್ಲ ಎಂದೇ ಅರ್ಥ. ಲಗ್ನಪತ್ರಿಕೆಯಂತೂ ಮನೆ ಯಾವ ದಿನ ಎಷ್ಟು ಗಂಟೆಗೆ ಖಾಲಿಯಾಗುತ್ತದೆ ಎಂಬುದನ್ನು ವಿಳಾಸ ಸಮೇತ ಅಚ್ಚು ಹಾಕಿಸಿ ಹಂಚಿದ ಹಾಗೆ. ಧಾರೆಯ ಮುಹೂರ್ತದಲ್ಲಿ ಮದುವೆ ಮನೆಯನ್ನು ಕಾಯಲು ಒಬ್ಬರನ್ನು ಬಿಟ್ಟುಬರುವ ಹಳೆಯ ರೂಢಿಯನ್ನು ಹಿರಿಯರು ಸುಮ್ಮನೆ ಮಾಡಿಕೊಂಡದ್ದಲ್ಲ. ಪ್ರವಾಸದ ಚಿತ್ರಗಳನ್ನು ಅಲ್ಲಿಂದಲೇ ಫೇಸ್‌ಬುಕ್ಕಿಗೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಏರಿಸುವುದೂ ಲಗ್ನಪತ್ರಿಕೆ ಹಂಚಿದಷ್ಟೇ ಕೆಲಸ ಮಾಡುತ್ತದೆ.

ಹೀಗಾಗಿ ಊರಿಗೆ ಹೊರಡುವ ಮುನ್ನ ಮಾಡುವ ಸಣ್ಣ ಏರ್ಪಾಡುಗಳ ಬೆಲೆ ದುಬಾರಿ ಬೀಗಕ್ಕಿಂತ ಹೆಚ್ಚು. ಹಾಲು, ಪೇಪರು ನಿಲ್ಲಿಸಬೇಕು. ಸಂಜೆ ದೀಪ ಹಚ್ಚಿ ಹನ್ನೊಂದರ ಸುಮಾರಿಗೆ ಆರಿಸುವ ಟೈಮರ್ ಪ್ಲಗ್ಗು ಕೆಲವು ನೂರು ರೂಪಾಯಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮನೆಗೆಲಸದವರೋ ಎದುರು ಮನೆಯವರೋ ಬೆಳಿಗ್ಗೆ ಅಂಗಳ ಗುಡಿಸಿ ನೀರು ಚಿಮುಕಿಸಿದರೆ, ಸಂಜೆ ಅವರ ಸ್ಕೂಟರ್ ಈ ಕಾಂಪೌಂಡಿನೊಳಗೆ ನಿಂತರೆ, ಮನೆ ಬದುಕಿರುವಂತೆ ಕಾಣುತ್ತದೆ. ಬಾಗಿಲಿಗೆ ಹೊರಗಿನಿಂದ ಬೀಗ ನೇತುಹಾಕುವ ಬದಲು ಬಾಗಿಲಿನ ದಪ್ಪದೊಳಗೇ ಕೂರುವ ಇಂಟರ್‌ಲಾಕ್ ಬಳಸಿದರೆ ಒಳಗೆ ಜನರಿದ್ದಾರೋ ಇಲ್ಲವೋ ದಾರಿಹೋಕರಿಗೆ ಗೊತ್ತಾಗುವುದಿಲ್ಲ.

ಬಾಗಿಲು ಕಳ್ಳನ ಮುಖ್ಯ ದಾರಿಯಾಗಿದ್ದು ಸಿಮೆಂಟಿನ ಗೋಡೆಗಳು ಬಂದ ಮೇಲೆ. ಮಣ್ಣು, ಹಸಿ ಇಟ್ಟಿಗೆಯ ಕಾಲದಲ್ಲಿ ಅವನು ಬರುತ್ತಿದ್ದುದು ಗೋಡೆಯಿಂದ. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುವ ಪ್ರಸಂಗ ಆ ಕಸುಬಿನ ಕೈಪಿಡಿಯಂತಿದೆ. ದಿನವೂ ಅರ್ಘ್ಯದ ನೀರು ಬಿದ್ದು ನೆನೆದ, ಇಲಿ ಮಣ್ಣು ಕೆದರಿದ ಜಾಗವನ್ನು ಅವನು ಆರಿಸುತ್ತಾನೆ. ಅಳತೆ ದಾರ ಮರೆತು ಬಂದದ್ದರಿಂದ ಜನಿವಾರದಲ್ಲೇ ಅಳೆಯುತ್ತಾನೆ. ಕೊನೆಗೆ ಒಡವೆಯ ಗಂಟು ಹುಡುಕುವ ಕಷ್ಟವೂ ಅವನಿಗೆ ಬರುವುದಿಲ್ಲ. ನಿದ್ದೆಗಣ್ಣಿನಲ್ಲಿ ಬಡಬಡಿಸುವ ವಿದೂಷಕನೇ ಅದನ್ನು ಅವನ ಕೈಗಿಡುತ್ತಾನೆ. ಗೋಡೆಯಲ್ಲಿ ನೆನೆದ ಜಾಗ ಹುಡುಕುವ ಶರ್ವಿಲಕನ ಜಾಣತನ ಇಂದಿಗೂ ಸವೆದಿಲ್ಲ. ಈಗ ಅವನು ನೋಡುವುದು ಬಾಗಿಲಿನಲ್ಲಿ ಎಲ್ಲಿ ಬಲ ಕಡಿಮೆ ಎಂದು.

ಆ ಬಲಹೀನ ಜಾಗ ಬಹಳ ಸಲ ಬೀಗವಲ್ಲ, ಬೀಗವನ್ನು ಹಿಡಿದುಕೊಂಡಿರುವ ಕೊಂಡಿ. ಏಳು ಲಿವರಿನ ಗಟ್ಟಿ ಹಿತ್ತಾಳೆ ಬೀಗ ತಂದು, ಅದನ್ನು ಅರ್ಧ ಇಂಚಿನ ನಾಲ್ಕು ಸ್ಕ್ರೂಗಳ ಮೇಲೆ ನಿಂತ ತಗಡಿನ ಕೊಂಡಿಗೆ ಸಿಕ್ಕಿಸುವ ಮನೆಗಳೇ ಹೆಚ್ಚು. ಕೊಂಡಿಗೂ ಮರಕ್ಕೂ ನಡುವೆ ಸಲಾಕೆಯ ತುದಿ ತೂರಿಸಿ ಮೈಭಾರ ಹಾಕಿ ಮೀಟಿದರೆ ಸ್ಕ್ರೂಗಳು ಮರದ ಚಕ್ಕೆ ಸಮೇತ ಕಿತ್ತುಬರುತ್ತವೆ. ಬೀಗ ಬೀಗವಾಗಿಯೇ, ಹಾಕಿದ ಹಾಗೇ, ನೆಲದ ಮೇಲೆ ಬಿದ್ದಿರುತ್ತದೆ. ಸದ್ದು ಒಂದೇ ಒಂದು ಸಲ ‘ಟಕ್’. ಸುದ್ದಿಯಲ್ಲಿ ‘ಬೀಗ ಮುರಿದು’ ಎಂದು ಬಂದರೂ ಆಗಿರುವುದು ಇದು. ಪರಿಹಾರ ಅಗ್ಗದ್ದು. ಸ್ಕ್ರೂಗಳ ಬದಲು ಬಾಗಿಲನ್ನು ಈ ಕಡೆಯಿಂದ ಆ ಕಡೆಗೆ ಹಾಯುವ ಬೋಲ್ಟ್ ಹಾಕಿ, ಒಳಗಡೆ ಅಗಲ ವಾಷರ್ ಇಟ್ಟು ನಟ್ ಬಿಗಿಯಬೇಕು. ಬೀಗ ಹಾಕಿದಾಗ ಸ್ಕ್ರೂಗಳ ತಲೆಯನ್ನೇ ಮುಚ್ಚುವಂಥ ಕೊಂಡಿ ಆರಿಸಬೇಕು. ಬಡಗಿಗೆ ಒಂದು ಗಂಟೆಯ ಕೆಲಸ.

ಒಳಬೀಗಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಬೀಗದ ನಾಲಗೆ ಹೋಗಿ ಕೂರುವುದು ಚೌಕಟ್ಟಿನ ತೂತಿನಲ್ಲಿ. ಆ ತೂತಿನ ಮೇಲಿನ ತಗಡು ತೆಳುವಾಗಿದ್ದು ಗಿಡ್ಡ ಸ್ಕ್ರೂಗಳಲ್ಲಿ ನಿಂತಿದ್ದರೆ, ಬಲವಾದ ಎರಡು ಒದೆತಕ್ಕೆ ಚೌಕಟ್ಟಿನ ಅಂಚು ಸೀಳಿಹೋಗುತ್ತದೆ. ಮೂರು ಇಂಚಿನ ಸ್ಕ್ರೂಗಳು ಚೌಕಟ್ಟು ದಾಟಿ ಗೋಡೆಯನ್ನು ಹಿಡಿದರೆ ಪೆಟ್ಟನ್ನು ಗೋಡೆ ತಿನ್ನುತ್ತದೆ. ಹಳೆಯ ತೊಟ್ಟಿ ಮನೆಗಳ ಹೆಬ್ಬಾಗಿಲಿಗೆ ಗೋಡೆಯ ಪೊಳ್ಳಿನಿಂದ ಎಳೆದು ಎದುರಿನ ಗೂಡಿಗೆ ತಳ್ಳುತ್ತಿದ್ದ ಮರದ ಅಗುಳಿಯ ಗುಟ್ಟೂ ಇದೇ ಆಗಿತ್ತು. ಎದುರಿಗೆ ನಿಂತು ನೂಕಿದವನು ಬಾಗಿಲಿನ ಜತೆಗಲ್ಲ, ಒಂದೂವರೆ ಅಡಿ ದಪ್ಪದ ಗೋಡೆಯ ಜತೆಗೆ ಸೆಣಸಬೇಕಾಗಿತ್ತು. ಫ್ಲ್ಯಾಟುಗಳ ಬಾಗಿಲನ್ನು ಎಳೆದುಕೊಂಡರೆ ತಾನೇ ಕಚ್ಚಿಕೊಳ್ಳುವ ಸ್ಪ್ರಿಂಗ್ ನಾಲಗೆಯನ್ನು ಮಾತ್ರ ನಂಬಿ ಹೊರಡುವುದು ಸರಿಯಲ್ಲ. ಸಂದಿನಲ್ಲಿ ತೆಳು ಹಾಳೆ ತೂರಿಸಿ ಆ ನಾಲಗೆಯನ್ನು ಹಿಂದೆ ಸರಿಸಬಹುದು. ಕೀ ತಿರುಗಿಸಿ ಗಟ್ಟಿ ಬೋಲ್ಟನ್ನೂ ಹೊರಬಿಟ್ಟ ಮೇಲೆಯೇ ಬಾಗಿಲು ನಿಜವಾಗಿ ಹಾಕಿದಂತೆ.

ಬೀಗದ ಒಳಗಿನ ಯಂತ್ರ ಹಳೆಯದು. ಲೈನಸ್ ಯೇಲ್ ಎಂಬ ಅಮೆರಿಕನ್ ಕುಶಲಕರ್ಮಿ 1861 ಮತ್ತು 1865ರಲ್ಲಿ ಪೇಟೆಂಟ್ ಪಡೆದ ಪಿನ್ ವ್ಯವಸ್ಥೆಯೇ ಇಂದಿನ ಸಿಲಿಂಡರ್ ಬೀಗಗಳ ಮೂಲ. ಬೇರೆ ಬೇರೆ ಉದ್ದದ ಪಿನ್ನುಗಳು ಕೀಲಿಯ ಹಲ್ಲಿಗೆ ತಕ್ಕಂತೆ ಮೇಲೆದ್ದು ಒಂದೇ ಗೆರೆಗೆ ಬಂದಾಗ ಮಾತ್ರ ಒಳಗಿನ ಕೊಳವೆ ತಿರುಗುತ್ತದೆ. ಲಿವರ್ ಬೀಗದಲ್ಲಿ ಪಿನ್ನುಗಳ ಜಾಗದಲ್ಲಿ ಪಟ್ಟಿಗಳಿರುತ್ತವೆ. ಭಾರತದಲ್ಲಿ ಗೋದ್ರೇಜ್ ಸಂಸ್ಥೆ 1897ರಲ್ಲಿ ಶುರುವಾದದ್ದು ಬೀಗ ತಯಾರಿಕೆಯಿಂದಲೇ. ಕೈಯಲ್ಲೇ ಕಟ್ಟುವ ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಇಷ್ಟೆಲ್ಲ ಜಾಣ್ಮೆಯಿಂದ ಮಾಡಿದ ಬೀಗವನ್ನು ಕಡ್ಡಿ ತೂರಿಸಿ ನಾಜೂಕಾಗಿ ತೆರೆಯುವ ಕಳ್ಳರು ಸಿನಿಮಾದಲ್ಲಿ ಹೆಚ್ಚು; ಊರಿನಲ್ಲಿ ಹಾರೆ, ಸಲಾಕೆಗಳದೇ ಕಾರುಬಾರು. ಬೆರಳಚ್ಚು, ಪಿನ್ ನಂಬರಿನ ಡಿಜಿಟಲ್ ಬೀಗ ಹಾಕಿಸುವವರು ಕಂಪನಿ ಕೊಟ್ಟ ಮೊದಲ ಸಂಖ್ಯೆಯನ್ನು ಅಂದೇ ಬದಲಿಸಬೇಕು, ಬ್ಯಾಟರಿ ತೀರಿದಾಗ ಬಳಸುವ ಕೀಲಿ ಎಲ್ಲಿದೆಯೆಂದು ನೆನಪಿಟ್ಟುಕೊಳ್ಳಬೇಕು. ಹೆಚ್ಚೇನಿಲ್ಲ.

ಯಾವ ಬಾಗಿಲೂ ಅಭೇದ್ಯವಲ್ಲ. ಅದನ್ನು ತಯಾರಿಸುವವರೂ ಹಾಗೆ ಹೇಳಿಕೊಳ್ಳುವುದಿಲ್ಲ. ಯುರೋಪಿನ ಮಾನದಂಡದಲ್ಲಿ ಬಾಗಿಲು ಕಿಟಕಿಗಳಿಗೆ ದರ್ಜೆ ಕೊಡುವುದು ನಿಮಿಷಗಳ ಲೆಕ್ಕದಲ್ಲಿ. ಎರಡನೆಯ ದರ್ಜೆಯದು ಸಾಧಾರಣ ಸಲಕರಣೆಗಳಿಗೆ ಮೂರು ನಿಮಿಷ ತಡೆಯಬೇಕು, ಮೂರನೆಯದು ಐದು ನಿಮಿಷ. ಕೇಳಲು ಹಾಸ್ಯಾಸ್ಪದವಾದ ಈ ಮೂರು ನಿಮಿಷ, ಬೀದಿಯಲ್ಲಿ ನಿಂತು ಸದ್ದು ಮಾಡುತ್ತಿರುವವನಿಗೆ ಬಹಳ ದೀರ್ಘ. ನೆದರ್ಲೆಂಡ್ಸ್‌ನಲ್ಲಿ 1999ರಿಂದ ಹೊಸ ಮನೆಗಳಿಗೆಲ್ಲ ಇಂಥ ಬಾಗಿಲು ಕಿಟಕಿ ಕಡ್ಡಾಯವಾಯಿತು; ಆ ಮನೆಗಳಲ್ಲಿ ಕನ್ನಕಳವು ಕಾಲುಭಾಗದಷ್ಟು ಇಳಿದದ್ದನ್ನು ಅಲ್ಲಿನ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ.

ಬೀಗ ಎಂಥದ್ದಾದರೂ ಕೀಲಿ ಶೂ ರ್‍ಯಾಕಿನಲ್ಲಿದ್ದರೆ ಮುಗಿಯಿತು. ಹೂಕುಂಡದ ಕೆಳಗೆ, ಕಿಟಕಿಯ ಸಂದಿನಲ್ಲಿ, ಮೀಟರ್ ಬಾಕ್ಸಿನ ಮೇಲೆ, ಕಾಲೊರಸಿನ ಅಡಿಯಲ್ಲಿ ಕೀಲಿ ಇಡುವುದು ಮನೆಮಂದಿಯ ಗುಟ್ಟೆಂದು ಪ್ರತಿ ಮನೆಯವರೂ ಭಾವಿಸುತ್ತಾರೆ. ಎಲ್ಲ ಮನೆಗಳಲ್ಲೂ ಗುಟ್ಟಿನ ಜಾಗಗಳು ಅವೇ ನಾಲ್ಕೈದು. ಕಳ್ಳ ಬೀಗ ಮುಟ್ಟುವ ಮೊದಲು ಅಲ್ಲಿ ಕೈಯಾಡಿಸುತ್ತಾನೆ. ಒಬ್ಬೊಬ್ಬರಿಗೂ ಒಂದೊಂದು ಕೀಲಿ ಮಾಡಿಸುವುದು, ಇಲ್ಲವೇ ನಂಬಿಕೆಯ ನೆರೆಮನೆಯಲ್ಲಿ ಕೊಟ್ಟುಹೋಗುವುದು ಇದಕ್ಕಿಂತ ಲೇಸು. ಬಾಡಿಗೆ ಮನೆಗೆ ಹೊಸದಾಗಿ ಬಂದವರು ಬೀಗ, ಇಲ್ಲವೇ ಸಿಲಿಂಡರನ್ನಾದರೂ ಬದಲಿಸಿಕೊಳ್ಳಬೇಕು. ಹಿಂದಿನ ಬಾಡಿಗೆದಾರರು, ಬಣ್ಣ ಬಳಿಯಲು ಬಂದವರು, ಬ್ರೋಕರು, ಇವರಲ್ಲಿ ಯಾರ ಬಳಿ ನಕಲಿ ಕೀಲಿ ಉಳಿದಿದೆಯೋ ಮಾಲೀಕರಿಗೂ ಗೊತ್ತಿರುವುದಿಲ್ಲ.

ಮುಂಬಾಗಿಲಿಗೆ ತೇಗದ ಹಲಗೆ, ಅದರ ಮುಂದೆ ಕಬ್ಬಿಣದ ಗ್ರಿಲ್ ಹಾಕಿಸಿದ ಮನೆಯ ಹಿತ್ತಿಲ ಬಾಗಿಲು ಮಾತ್ರ ಬಚ್ಚಲುಮನೆಗೆ ಹಾಕುವ ಪಿವಿಸಿ ಬಾಗಿಲಾಗಿರುವುದುಂಟು. ಬೀದಿಯ ಕಣ್ಣು ಬೀಳದ ಹಿಂಭಾಗವೇ ನಿಶ್ಚಿಂತೆಯಿಂದ ಕೆಲಸ ಮಾಡುವ ಜಾಗ ಎಂಬುದನ್ನು ನೋಡಿದರೆ ಲೆಕ್ಕ ತಿರುವುಮುರುವಾಗಿದೆ. ತಾರಸಿ ಬಾಗಿಲಿನ ಸ್ಥಿತಿಯೂ ಹೆಚ್ಚುಕಡಿಮೆ ಹಾಗೇ. ಒತ್ತೊತ್ತಾಗಿ ಕಟ್ಟಿದ ನಗರದ ಬೀದಿಗಳಲ್ಲಿ ಒಂದು ತಾರಸಿಯಿಂದ ಇನ್ನೊಂದಕ್ಕೆ ದಾಟುವುದು ಕಷ್ಟವಲ್ಲ. ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದ್ದರೆ ಸಾರುವೆಯೇ ಏಣಿ. ಬಚ್ಚಲ ಕಿಂಡಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಸದ್ದಿಲ್ಲದೆ ಕಳಚಿ ಕೆಳಗಿಡಬಹುದು, ಆದ್ದರಿಂದ ಅದರ ಹಿಂದೆಯೂ ಸರಳು ಬೇಕು. ಕರಾವಳಿ, ಮಲೆನಾಡಿನ ಹಂಚಿನ ಮನೆಗಳಲ್ಲಿ ಹಂಚು ಸರಿಸಿ ಇಳಿಯುವುದು ಹಳೆಯ ಪದ್ಧತಿ. ಹಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಇರುವ ಮನೆ ಇದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆ ಭಾಗದಲ್ಲಿ ಒಡವೆಯಷ್ಟೇ ಜೋಪಾನ ಮಾಡಬೇಕಾದದ್ದು ಅಂಗಳದಲ್ಲಿ ಒಣಗುವ ಅಡಿಕೆ, ಕಾಳುಮೆಣಸನ್ನು.

ಗ್ರಿಲ್ ವಿಷಯದಲ್ಲಿ ಒಂದು ಎಚ್ಚರಿಕೆ ತೀರಾ ಅಗತ್ಯ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟ್ ಒಂದಕ್ಕೆ ಬೆಂಕಿ ಬಿದ್ದಾಗ ಬಾಲ್ಕನಿಗೆ ಓಡಿಬಂದವರು ಅಲ್ಲಿನ ಗ್ರಿಲ್ ದಾಟಲಾಗದೆ ಸಿಕ್ಕಿಬಿದ್ದರು. ತಾಯಿ, ಮಗಳು ಇಬ್ಬರು ಜೀವ ಕಳೆದುಕೊಂಡರು. ಮೇಲಿನಿಂದ ಕೆಳಗಿನವರೆಗೆ ಬೆಸುಗೆ ಹಾಕಿ ಮುಚ್ಚಿದ ಬಾಲ್ಕನಿ ಕಳ್ಳನನ್ನು ಹೊರಗಿಡುವಷ್ಟೇ ಬಲವಾಗಿ ಮನೆಯವರನ್ನು ಒಳಗೂ ಇಡುತ್ತದೆ. ಪ್ರತಿ ಮಹಡಿಯಲ್ಲೂ ಒಂದು ಗ್ರಿಲ್ಲಿಗಾದರೂ ಒಳಗಿನಿಂದ ತೆರೆಯುವ ಕಿರುಬಾಗಿಲು ಇರಬೇಕು, ಅದರ ಕೀಲಿ ಕತ್ತಲಲ್ಲಿ ಕೈಗೆ ಸಿಗುವಂತಿದ್ದು ಹೊರಗಿನವರ ಕೈಗೆ ಎಟುಕದಂತಿರಬೇಕು, ಮನೆಯ ಮಕ್ಕಳಿಗೂ ಅದು ಗೊತ್ತಿರಬೇಕು. ಕಳ್ಳನ ಭಯಕ್ಕೆ ಬೆಂಕಿಯನ್ನು ಮರೆಯುವುದು ದುಬಾರಿ ತಪ್ಪು.

ಎತ್ತರದ ಕಾಂಪೌಂಡು ಗೋಡೆ ಭದ್ರತೆಯಂತೆ ಕಂಡರೂ ಅದರ ಇನ್ನೊಂದು ಮುಖ ಹಾರಿ ಒಳಬಂದವನಿಗೆ ಸಿಗುವ ಮರೆ. ಎದೆಮಟ್ಟದ ಗೋಡೆ, ಅದರ ಮೇಲೆ ಬೀದಿಗೆ ಕಾಣುವಂಥ ಸರಳು, ಕಿಟಕಿಯ ಕೆಳಗೆ ದಟ್ಟವಾಗಿ ಬೆಳೆಯದ ಗಿಡಗಳು ಹೆಚ್ಚು ಉಪಯುಕ್ತ. ನ್ಯೂಯಾರ್ಕಿನ ವಸತಿ ಸಮುಚ್ಚಯಗಳನ್ನು ಅಧ್ಯಯನ ಮಾಡಿ ಆಸ್ಕರ್ ನ್ಯೂಮನ್ 1972ರಲ್ಲಿ ಬರೆದ ಪುಸ್ತಕದ ಮುಖ್ಯ ವಾದವೂ ಇದಕ್ಕೆ ಹತ್ತಿರ: ನಿವಾಸಿಗಳ ಕಣ್ಣಿಗೆ ಬೀಳುವ, ಅವರು ತಮ್ಮದೆಂದು ಭಾವಿಸುವ ಜಾಗದಲ್ಲಿ ಅಪರಾಧ ಕಡಿಮೆ. ಜಗಲಿಯ ಮೇಲೆ ಅಜ್ಜಿ ಕೂತಿರುತ್ತಿದ್ದ ಬೀದಿಗಳಿಗೆ ಇದನ್ನು ಪುಸ್ತಕ ಓದಿ ತಿಳಿಯುವ ಅಗತ್ಯವಿರಲಿಲ್ಲ. ನಾಯಿಯ ಉಪಯೋಗ ಅದರ ಹಲ್ಲಿಗಿಂತ ಬೊಗಳುವಿಕೆಯಲ್ಲಿದೆ. ಆ ಕೆಲಸವನ್ನು ಬೀದಿನಾಯಿಗಳೂ ಸಂಬಳವಿಲ್ಲದೆ ಮಾಡುತ್ತವೆ. ಬೇಲಿಗೆ ಮನೆಯ ಕರೆಂಟ್ ಹರಿಸುವ ದುಸ್ಸಾಹಸ ಮಾತ್ರ ಕೂಡದು. ಅದು ಕಳ್ಳನಿಗಿಂತ ಮೊದಲು ಚೆಂಡು ತರಲು ಬಂದ ಹುಡುಗನನ್ನು ಕೊಲ್ಲಬಹುದು, ಹಾಕಿದವರು ನರಹತ್ಯೆಯ ಆರೋಪ ಎದುರಿಸಬೇಕಾದೀತು.

ಸಿಸಿ ಕ್ಯಾಮೆರಾ ಈಗ ಪ್ರತಿ ಬೀದಿಯಲ್ಲೂ ಇದೆ. ಆದರೆ ಕ್ಯಾಮೆರಾ ಕಳ್ಳತನವನ್ನು ನಿಲ್ಲಿಸುವುದಕ್ಕಿಂತ ನಡೆದ ಕಳ್ಳತನವನ್ನು ತೋರಿಸುವುದರಲ್ಲಿ ಹೆಚ್ಚು ಪ್ರವೀಣ. ಹತ್ತು ಹನ್ನೆರಡು ಅಡಿ ಎತ್ತರಕ್ಕೆ ಕೂರಿಸಿದ ಕ್ಯಾಮೆರಾದಲ್ಲಿ ದಾಖಲಾಗುವುದು ಟೋಪಿ, ಹೆಲ್ಮೆಟ್ಟುಗಳ ನೆತ್ತಿ. ಒಂದು ಕ್ಯಾಮೆರಾ ಆದರೂ ಬಾಗಿಲ ಬಳಿ ಮುಖದ ಮಟ್ಟಕ್ಕೆ ಇರಬೇಕು. ದೃಶ್ಯ ಸಂಗ್ರಹಿಸುವ ಡಿವಿಆರ್ ಪೆಟ್ಟಿಗೆ ಟಿವಿಯ ಪಕ್ಕದಲ್ಲೇ ಇದ್ದರೆ ಕಳ್ಳರು ಒಡವೆಯ ಜತೆ ಅದನ್ನೂ ಹೊತ್ತೊಯ್ಯುತ್ತಾರೆ. ಹೀಗಾದ ಉದಾಹರಣೆಗಳು ಅಪರೂಪವಲ್ಲ. ಅದನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡುವುದೋ, ದೃಶ್ಯಗಳು ಇಂಟರ್ನೆಟ್ ಮೂಲಕ ಹೊರಗೂ ಉಳಿಯುವಂತೆ ಮಾಡುವುದೋ ವಾಸಿ. ಗಡಿಯಾರ ಸರಿಯಿದೆಯೇ, ರಾತ್ರಿಯ ಚಿತ್ರ ಸ್ಪಷ್ಟವಿದೆಯೇ ಎಂದು ಆಗಾಗ ನೋಡಬೇಕು. ಕೋರ್ಟಿಗೆ ದೃಶ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವೂ ಜತೆಗಿರಬೇಕು. ಹಾಗಾಗಿ ಸಿಕ್ಕ ದೃಶ್ಯವನ್ನು ಅಳಿಸದೆ, ಕತ್ತರಿಸದೆ ಮೂಲ ಸಾಧನದಲ್ಲೇ ಉಳಿಸಿಕೊಳ್ಳುವುದು ಮುಖ್ಯ. ಕ್ಯಾಮೆರಾದ ಕಣ್ಣು ಎದುರು ಮನೆಯ ಕಿಟಕಿಯ ಮೇಲೆ ಬೀಳದಿರಲಿ ಎಂಬುದು ನೆರೆಹೊರೆಯ ಮರ್ಯಾದೆ.

ಆ ನೆರೆಹೊರೆಯೇ ಎಲ್ಲ ಸಲಕರಣೆಗಳಿಗಿಂತ ಮೇಲು. ಇಂಗ್ಲೆಂಡಿನ ರೋಚ್‌ಡೇಲ್ ಪಟ್ಟಣದ ಕಿರ್ಕ್‌ಹೋಲ್ಟ್ ಎಂಬ ವಸತಿ ಪ್ರದೇಶದಲ್ಲಿ 1980ರ ದಶಕದ ನಡುವೆ ಒಂದು ಪ್ರಯೋಗ ನಡೆಯಿತು. ಒಮ್ಮೆ ಕಳವಾದ ಮನೆಗೇ ಮತ್ತೆ ಕಳ್ಳರು ಬರುವುದು ಹೆಚ್ಚು ಎಂಬುದನ್ನು ಗಮನಿಸಿದ ಪೊಲೀಸರು ಮತ್ತು ಸಂಶೋಧಕರು, ಕಳವಾದ ಮನೆಯ ಬಾಗಿಲು ಕಿಟಕಿ ಭದ್ರಪಡಿಸಿ, ನಾಣ್ಯ ಹಾಕುವ ಗ್ಯಾಸ್ ಮೀಟರುಗಳನ್ನು ತೆಗೆಸಿ, ಸುತ್ತಲ ಐದಾರು ಮನೆಯವರನ್ನು ಆ ಮನೆಯ ಕಾವಲಿಗೆ ಒಪ್ಪಿಸಿದರು. ಐದೇ ತಿಂಗಳಲ್ಲಿ ಕಳವು ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಕರ್ನಾಟಕದಲ್ಲಿ ಇದಕ್ಕೆ ಹೊಸ ಸಂಘ ಕಟ್ಟಬೇಕಿಲ್ಲ. ಎಡಬಲದ, ಎದುರಿನ ಮನೆಯವರ ಫೋನ್ ನಂಬರು ಪರಸ್ಪರ ಇದ್ದರೆ, ಊರಿಗೆ ಹೋಗುವ ವಿಷಯ ಅವರಿಗೆ ಮತ್ತು ಠಾಣೆಗೆ ತಿಳಿಸಿದ್ದರೆ ಸಾಕು; ಬೀಗ ಹಾಕಿದ ಮನೆಯ ವಿವರ ಕೊಟ್ಟರೆ ಬೀಟ್ ಪೊಲೀಸರು ರಾತ್ರಿ ಆ ಬೀದಿಯಲ್ಲೊಮ್ಮೆ ಹಾದುಹೋಗುತ್ತಾರೆ. ನೆರೆಯಲ್ಲಿ ಅಪರಾತ್ರಿ ಏನೋ ಒಡೆದ ಸದ್ದು ಕೇಳಿದಾಗ ‘ಅವರೇ ಬಂದಿರಬೇಕು’ ಎಂದು ಮಗ್ಗುಲು ಬದಲಿಸದೆ 112ಕ್ಕೆ ಕರೆ ಮಾಡಬೇಕು.

ಆದರೆ ಕಾವಲು ಸಂಶಯಕ್ಕೆ ತಿರುಗಿದರೆ ಕಳ್ಳತನಕ್ಕಿಂತ ಘೋರ ಅನಾಹುತವಾಗುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಗೆ ಕೆರಳಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿದ 1871ರ ಬ್ರಿಟಿಷ್ ಕಾಯ್ದೆ 1952ರಲ್ಲೇ ರದ್ದಾದರೂ, ಬೀದಿಗೆ ಬಂದ ಕೂದಲು ಮಾರುವವರನ್ನೂ ಸ್ಟೌ ರಿಪೇರಿಯವರನ್ನೂ ಫೋಟೋ ತೆಗೆದು ಗ್ರೂಪಿಗೆ ಹಾಕುವ ಚಟ ಹೋಗಿಲ್ಲ. ಮನೆಯಲ್ಲಿ ಏನು ಕಾಣೆಯಾದರೂ ಮೊದಲು ಮನೆಗೆಲಸದವಳ ಹೆಸರು ಹೇಳುವುದೂ ಇದೇ ಜಾತಿಯ ಅನ್ಯಾಯ. ಹೊಸಬರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಗುರುತಿನ ಚೀಟಿಯ ಪ್ರತಿ, ಊರಿನ ವಿಳಾಸ ಪಡೆಯುವುದು, ಸೇವಾಸಿಂಧು ಜಾಲತಾಣದ ಮೂಲಕ ಪೊಲೀಸ್ ಪರಿಶೀಲನೆ ಮಾಡಿಸುವುದು ಎರಡೂ ಕಡೆಯವರಿಗೆ ಒಳ್ಳೆಯದು. ಅದನ್ನು ಅವರಿಗೆ ಹೇಳಿಯೇ ಮಾಡಬೇಕು.

ಬಾಗಿಲು ಮುರಿಯದೆ, ತೆರೆಸಿಕೊಂಡು ಬರುವವರು ಇನ್ನೊಂದು ಬಗೆ. ಗ್ಯಾಸ್ ಪರೀಕ್ಷೆ, ಕರೆಂಟ್ ಮೀಟರ್, ಬಂಗಾರಕ್ಕೆ ಪಾಲಿಶ್ ಎಂಬ ನೆಪಗಳಿಗೆ ಹೆಚ್ಚಾಗಿ ಬಲಿಯಾಗುವವರು ಹಗಲು ಒಂಟಿಯಾಗಿರುವ ಹಿರಿಯರು. ಬಾಗಿಲಲ್ಲಿ ನೋಡುವ ಕಿಂಡಿ, ಅರ್ಧ ತೆರೆದು ಮಾತಾಡಲು ಸರಪಳಿ, ಮಗನಿಗೋ ಕಚೇರಿಗೋ ಫೋನ್ ಮಾಡಿ ಕೇಳುವವರೆಗೆ ಹೊರಗೆ ನಿಲ್ಲಿಸುವ ದಾಕ್ಷಿಣ್ಯಹೀನತೆ, ಇಷ್ಟಿದ್ದರೆ ಇಂಥವರು ಮುಂದಿನ ಮನೆಗೆ ನಡೆಯುತ್ತಾರೆ. ನಿಜವಾದ ಮೀಟರ್ ರೀಡರ್ ಕಾಯುತ್ತಾನೆ.

ಕಳ್ಳ ಬರುವುದು ಚಿನ್ನಕ್ಕೆ. ಬೀರುವಿಗೆ ಬೀಗ ಹಾಕಿ ಅದರ ಕೀಲಿಯನ್ನು ಬೀರುವಿನ ಮೇಲೆಯೇ, ಇಲ್ಲವೇ ಹಾಸಿಗೆಯಡಿ ಇಡುವುದರಿಂದ ಬಾಗಿಲು ಒಡೆಯುವ ಶ್ರಮ ಉಳಿಯುತ್ತದೆ, ಕಳ್ಳನಿಗೆ. ಅಕ್ಕಿ ಡಬ್ಬಿ, ದೇವರ ಗೂಡುಗಳೂ ಅವನಿಗೆ ಹೊಸದಲ್ಲ. ವರಮಹಾಲಕ್ಷ್ಮಿ ಹಬ್ಬದಲ್ಲಿ ನಡುಮನೆಯ ಕಿಟಕಿ ಎದುರಿಗೇ ಒಡವೆ, ನೋಟಿನ ಹಾರದಿಂದ ಅಲಂಕರಿಸಿದ ಕಳಶದ ಮುಂದೆ ರಾತ್ರಿ ಯಾರಾದರೂ ಮಲಗಬೇಕು, ಇಲ್ಲವೇ ಒಡವೆಗಳನ್ನು ಒಳಗೆ ತೆಗೆದಿಡಬೇಕು. ದಿನವೂ ತೊಡದ ಒಡವೆಗೆ ಬ್ಯಾಂಕ್ ಲಾಕರ್ ವಾಸಿ. 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ. ಎರಡು ಸಾವಿರ ಬಾಡಿಗೆಯ ಲಾಕರಿಗೆ ಎರಡು ಲಕ್ಷ. ಮನೆತನದ ಚಿನ್ನ ಅದಕ್ಕಿಂತ ಹೆಚ್ಚಿನದಾದರೆ ವಿಮೆ ಪ್ರತ್ಯೇಕ ಬೇಕು.

ವಿಮೆಯಲ್ಲಿ ಜನ ಎಡವುವುದು ಎರಡು ಕಡೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮಾರುವ ‘ಭಾರತ್ ಗೃಹ ರಕ್ಷಾ’ ಮೂಲತಃ ಬೆಂಕಿ, ಪ್ರವಾಹದಂಥ ಅವಘಡಗಳ ವಿಮೆ. ಅಂಥ ಅವಘಡ ನಡೆದ ಏಳು ದಿನದೊಳಗೆ ಆದ ಕಳವಿಗೆ ಮಾತ್ರ ಅದರಲ್ಲಿ ಪರಿಹಾರ. ಕನ್ನಕಳವಿಗೆ ಬೇರೆ ಪಾಲಿಸಿ ತೆಗೆದುಕೊಳ್ಳಬೇಕು. ಆ ಪಾಲಿಸಿಯಲ್ಲೂ ಬಲಪ್ರಯೋಗದಿಂದ ಒಳನುಗ್ಗಿದ ಕುರುಹನ್ನು ಷರತ್ತಾಗಿ ಬರೆದಿರುವುದು ಸಾಮಾನ್ಯ, ಮತ್ತು ಅಂಥ ಷರತ್ತನ್ನು ಅಕ್ಷರಶಃ ಓದಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ತೆರೆದ ಬಾಗಿಲಿನಿಂದ ಬಂದು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರೆ, ಶೂ ರ್‍ಯಾಕಿನ ಕೀಲಿಯಿಂದ ತೆರೆದು ಒಡವೆ ಒಯ್ದರೆ, ಪರಿಹಾರ ಸಿಗುವುದು ಕಷ್ಟ. ಸಹಿ ಹಾಕುವ ಮೊದಲು ಈ ಒಂದು ಷರತ್ತನ್ನಾದರೂ ಓದಬೇಕು.

ಮನೆಯವರು ಮಲಗಿರುವಾಗಲೇ ಯಾರೋ ಒಳಗೆ ಬಂದರೆ ಮೊದಲ ಕೆಲಸ ಪ್ರಾಣ ಉಳಿಸಿಕೊಳ್ಳುವುದು. ಕೋಣೆಯ ಚಿಲಕ ಹಾಕಿಕೊಂಡು, ದೀಪ ಹಾಕಿ, ಕೂಗಿ, 112ಕ್ಕೆ ಕರೆ ಮಾಡಿದರೆ ಹೆಚ್ಚಿನವರು ಓಡುತ್ತಾರೆ. ಅವರು ಓಡಲು ದಾರಿ ಬಿಡುವುದೇ ಕ್ಷೇಮ. ಆತ್ಮರಕ್ಷಣೆಯ ಹಕ್ಕನ್ನು ನ್ಯಾಯ ಸಂಹಿತೆ ಕೊಟ್ಟಿದೆ, ರಾತ್ರಿ ಮನೆ ಮುರಿದು ಬರುವವರ ವಿರುದ್ಧ ಅದು ಸಾಕಷ್ಟು ವಿಸ್ತಾರವಾಗಿಯೂ ಇದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಸಿಕ್ಕಿಬಿದ್ದು ಕೈಮುಗಿದವನನ್ನು ಕಂಬಕ್ಕೆ ಕಟ್ಟಿ ಥಳಿಸುವುದು ಆತ್ಮರಕ್ಷಣೆಯಲ್ಲ, ಬೇರೆಯೇ ಅಪರಾಧ.

ಮರಳಿ ಬಂದಾಗ ಬಾಗಿಲು ತೆರೆದಿರುವುದು ಕಂಡರೆ ಒಳಗೆ ಹೋಗದೆ ಹೊರಗಿನಿಂದಲೇ ಪೊಲೀಸರಿಗೆ ತಿಳಿಸಬೇಕು. ಒಳಗೆ ಇನ್ನೂ ಯಾರಾದರೂ ಇರಬಹುದು. ಚೆಲ್ಲಾಪಿಲ್ಲಿಯಾದ ಬಟ್ಟೆಗಳನ್ನು ಮಡಿಸಿಡುವ ಆತುರ ಸಹಜ, ಆದರೆ ಬೀರುವಿನ ಬಾಗಿಲು, ಗಾಜಿನ ಚೂರುಗಳ ಮೇಲೆ ಬೆರಳಚ್ಚು ತಜ್ಞರಿಗೆ ಬೇಕಾದದ್ದು ಉಳಿದಿರುತ್ತದೆ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಇಂಟರ್ನೆಟ್ ಮೂಲಕವೂ ದೂರು ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಿದರೆ ಅದು ದಾಖಲಾಗುತ್ತದೆ. ಬೀಗಗಳನ್ನು ಅಂದೇ ಬದಲಿಸಬೇಕು, ಕಳವಾದ ಕೀಲಿಗೊಂಚಲಿನಲ್ಲಿ ಅಂಗಡಿಯದೋ ಸ್ಕೂಟರಿನದೋ ಕೀ ಇದ್ದಿದ್ದರೆ ಅವನ್ನೂ ಬದಲಿಸಬೇಕು, ಏಕೆಂದರೆ ಮನೆಯ ಒಳಗಿನ ದಾರಿ ಕಂಡುಕೊಂಡವನು ಮತ್ತೆ ಬರಬಹುದು.

ದೂರಿನಲ್ಲಿ ‘ಸುಮಾರು ಎಪ್ಪತ್ತು ಗ್ರಾಂ ಒಡವೆ’ ಎಂದು ಬರೆಸುವುದಕ್ಕೂ ಒಂದೊಂದು ಒಡವೆಯ ತೂಕ, ಬಿಲ್ಲು, ಹಾಲ್‌ಮಾರ್ಕ್ ಗುರುತು, ಫೋಟೊ ಕೊಡುವುದಕ್ಕೂ ಮುಂದೆ ಬಹಳ ವ್ಯತ್ಯಾಸವಾಗುತ್ತದೆ. ಈ ಪಟ್ಟಿಯನ್ನು ಕಳವಿಗೆ ಮೊದಲೇ ಮಾಡಿ ಮನೆಯ ಹೊರಗೂ ಒಂದು ಪ್ರತಿ ಇಟ್ಟಿರಬೇಕು. ಪೊಲೀಸರು ವಶಪಡಿಸಿಕೊಂಡ ಒಡವೆಗಳನ್ನು ಪ್ರಾಪರ್ಟಿ ಪರೇಡಿನಲ್ಲಿ ಮೇಜಿನ ಮೇಲೆ ಹರಡಿದಾಗ ಒಂದೇ ನಮೂನೆಯ ಸರಗಳು ನಾಲ್ಕಾರು ಇರುತ್ತವೆ. ಬಾಂಡ್ ಬರೆದುಕೊಟ್ಟು ಕೋರ್ಟಿನಿಂದ ಬಿಡಿಸಿಕೊಳ್ಳುವಾಗಲೂ ಕೇಳುವುದು ಈ ದಾಖಲೆಗಳನ್ನೇ. ಒಡವೆ ಒಡವೆಯಾಗಿ ಸಿಗದೆ ಕರಗಿಸಿದ ಗಟ್ಟಿಯಾಗಿ ಸಿಕ್ಕಿದ್ದರೆ, ಅದರಲ್ಲಿ ಪಾಲು ಕೇಳಲು ದೂರಿನ ದಿನ ಬರೆಸಿದ ತೂಕವಲ್ಲದೆ ಬೇರೆ ಆಧಾರ ಉಳಿದಿರುವುದಿಲ್ಲ.